ಕ್ರುಶಾಕೊವೊ ತಿರುವಿನಲ್ಲಿ ಕಂಡ ಕೊಕ್ಕರೆಯ ವಿಚಾರ

ಜಿಲ್ಲಾ ನಾಗರಿಕ ರಕ್ಷಣಾ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ಮಾರ್ಚ್ ಎಂಟರಂದು ನಮ್ಮೂರಿನ ತಿರುವಿನಲ್ಲಿ ಬಸ್ಸು ಮಗುಚಿದಾಗ ಗಾಯಗೊಂಡವರು ಮೂವತ್ತೆರಡು ಜನ. ಅವರಲ್ಲಿ ಯಾರನ್ನು ಮೊದಲು ಆಸ್ಪತ್ರೆಗೆ ಸಾಗಿಸಬೇಕು ಎಂದು ಸರಿಯಾಗಿ ಹೇಳಿದವರು ಒಬ್ಬರೇ. ಹೆಸರು ದೆನ್ಕಾ, ವಯಸ್ಸು ಅರವತ್ತೆಂಟು, ಕಸುಬು ಉಣ್ಣೆ ನೂಲುವುದು, ವೈದ್ಯಕೀಯ ಅರ್ಹತೆ ಸೊನ್ನೆ. ಅವರು ಹೇಳಿದ್ದು ಸರಿಯಾಗಿತ್ತು ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಕಾಗದದ ಮೇಲೆ ಬರೆದು ಕೊಟ್ಟಿದ್ದಾರೆ. ಇಷ್ಟು ದೊಡ್ಡ ಅಪರಾಧವನ್ನು ತಮ್ಮ ಕಚೇರಿ ಕಣ್ಣುಮುಚ್ಚಿಕೊಂಡು ಬಿಡಲು ಹೇಗೆ ಸಾಧ್ಯ? ಬಿಡಲಿಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆಗೆ ಹಾಜರಾಗಬೇಕೆಂದು ದೆನ್ಕಾ ಅವರಿಗೆ ನೋಟಿಸ್ ಬಂದಿದೆ.

ನೋಟಿಸನ್ನು ನಾನು ಮೂರು ಬಾರಿ ಓದಿದ್ದೇನೆ. ಜಿಲ್ಲೆಯ ದಿನಪತ್ರಿಕೆಯಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು, ಒಮ್ಮೆ ಓದಿ ನಂಬುವ ಅಭ್ಯಾಸವಿಲ್ಲ. ಅದರಲ್ಲಿ ಎರಡು ಕಾಗುಣಿತ ತಪ್ಪುಗಳಿವೆ, ಅವನ್ನು ಬಿಟ್ಟುಬಿಡೋಣ. ಉಳಿದದ್ದು ಮೂರು ಆರೋಪ. ಅರ್ಹತೆ ಇಲ್ಲದೆ ಗಾಯಾಳುಗಳನ್ನು ವಿಂಗಡಿಸಿದ್ದು ಮೊದಲನೆಯದು. ಆ ಕೆಲಸಕ್ಕೆ ‘ಅನುಮೋದನೆಯಿಲ್ಲದ ಸಾಮಗ್ರಿ, ಅಂದರೆ ಉಣ್ಣೆ ಮತ್ತು ಹೂವು’ ಬಳಸಿದ್ದು ಎರಡನೆಯದು. ಮೂರನೆಯದನ್ನು ತಮ್ಮದೇ ಮಾತಿನಲ್ಲಿ ಕೊಡುತ್ತೇನೆ, ನನ್ನಿಂದ ಅದಕ್ಕಿಂತ ಚೆನ್ನಾಗಿ ಬರೆಯಲಾಗದು: ‘ತುರ್ತು ಕಾರ್ಯಾಚರಣೆಯ ಸ್ಥಳದಲ್ಲಿ ವಲಸೆ ಹಕ್ಕಿಯೊಂದರ ಆಗಮನದ ಕುರಿತು ಖಚಿತವಲ್ಲದ ಮಾಹಿತಿಯನ್ನು ಜೋರಾಗಿ ಪ್ರಕಟಿಸಿದ್ದು.’

ನಾನು ಸ್ಥಳದಲ್ಲಿದ್ದೆ. ಕೈಗಡಿಯಾರವೂ ಕೈಯಲ್ಲಿತ್ತು. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಆ ದಿನ ಮಹಿಳಾ ದಿನ. ಊರಿನ ನಿವೃತ್ತ ಮಹಿಳೆಯರ ಸಂಘದ ಮೂವತ್ತೊಂದು ಮಂದಿ ಜಿಲ್ಲಾ ಪಟ್ಟಣದ ಹೋಟೆಲಿನಲ್ಲಿ ಊಟಕ್ಕೆಂದು ಬಸ್ಸು ಗೊತ್ತುಮಾಡಿದ್ದರು. ಊರ ಮುಖಂಡರು ಪ್ರತಿಯೊಬ್ಬರಿಗೂ ಎಲೆಸಮೇತ ಹಳದಿ ಹೂವಿನ ಗೊಂಚಲು ಕೊಟ್ಟು, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹನ್ನೆರಡು ನಿಮಿಷ ಭಾಷಣ ಮಾಡಿ ಬೀಳ್ಕೊಟ್ಟರು. ದೆನ್ಕಾ ಮಾತ್ರ ಹೋಗಲಿಲ್ಲ. ಸಂಘದ ಅಧ್ಯಕ್ಷೆ ಪಾರಶ್ಕೆವಾ ಅವರಿಗೂ ದೆನ್ಕಾಗೂ ಮಾರ್ಚ್ ಒಂದರಿಂದ ಮಾತಿಲ್ಲ. ಕಾರಣ ದಾರ. ತಾವು ಈ ನೆಲದಲ್ಲೇ ಹುಟ್ಟಿದವರಾದರೆ ಈಗ ತಮ್ಮ ಮಣಿಕಟ್ಟಿನಲ್ಲೂ ಅದು ಇರಬೇಕು, ದಯವಿಟ್ಟು ಅಂಗಿಯ ತೋಳು ಮಡಚಿ ನೋಡಿಕೊಳ್ಳಿ: ಕೆಂಪು ಎಳೆ, ಬಿಳಿ ಎಳೆ ಸೇರಿಸಿ ಹೊಸೆದ ಮಾರ್ತೆನಿತ್ಸ. ಮಾರ್ಚ್ ಒಂದಕ್ಕೆ ಕಟ್ಟಿಕೊಳ್ಳುತ್ತೇವೆ, ಮೊದಲ ಕೊಕ್ಕರೆ ಕಂಡ ದಿನ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟುತ್ತೇವೆ. ಅದಕ್ಕೂ ಮುಂಚೆ ಬಿಚ್ಚಿದರೆ ವರ್ಷವಿಡೀ ಆರೋಗ್ಯ ಕೆಡುತ್ತದೆ ಎಂದು ನಮ್ಮ ಹೆಂಗಸರ ನಂಬಿಕೆ. ಗಂಡಸರದೂ ಅದೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ನಲವತ್ತು ವರ್ಷದಿಂದ ಊರಿಗೆಲ್ಲ ಈ ದಾರ ಹೊಸೆದು ಕೊಡುತ್ತಿದ್ದವರು ದೆನ್ಕಾ. ಈ ವರ್ಷ ಅಧ್ಯಕ್ಷೆ ಪಟ್ಟಣದ ಅಂಗಡಿಯಿಂದ ಮಣಿ ಪೋಣಿಸಿದ ದಾರ ತರಿಸಿ ಸಂಘಕ್ಕೆಲ್ಲ ಹಂಚಿದರು.

ಹೀಗಾಗಿ ಬೆಳಿಗ್ಗೆ ಹನ್ನೊಂದೂವರೆಗೆ ನಾನು ರಸ್ತೆಬದಿಯ ನನ್ನ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುತ್ತಿದ್ದರೆ, ದೆನ್ಕಾ ಮಾರಾಟವಾಗದೆ ಉಳಿದ ಉಣ್ಣೆಯ ಚೀಲವನ್ನು ತೋಳಿಗೆ ನೇತುಹಾಕಿಕೊಂಡು ಬೇಲಿಯ ಬಳಿ ನಿಂತಿದ್ದರು.

“ಪ್ಲಾಸ್ಟಿಕ್ ಮಣಿ, ಸ್ಪಾಸ್! ಪ್ಲಾಸ್ಟಿಕ್ಕು! ನೀರು ಬಿದ್ರೆ ಬಣ್ಣ ಬಿಡುತ್ತೆ. ಅದನ್ನ ಕೈಗೆ ಕಟ್ಕೊಂಡು ಆರೋಗ್ಯ ಬೇಕಂತೆ ಇವರಿಗೆ.”

“ಹೋಗ್ಲಿ ಬಿಡು ದೆನ್ಕಾ. ಊಟಕ್ಕಾದ್ರೂ ಹೋಗ್ಬೇಕಿತ್ತು.”

“ಅವಳ ಎದುರು ಕೂತು ಸೂಪು ಕುಡಿಯೋದಕ್ಕಿಂತ ನಿನ್ನ ತೋಟದ ಕಸ ತಿಂತೀನಿ.”

ಆಗಲೇ ಬಸ್ಸು ಹಾಡಿಕೊಂಡು ಬಂತು. ಬಸ್ಸು ಹಾಡುತ್ತಿತ್ತು ಎಂದೇ ಹೇಳಬೇಕು, ಒಳಗಿನ ಸದ್ದಿಗೆ ಗಾಜುಗಳು ನಡುಗುತ್ತಿದ್ದವು. ಮುಂದಿನ ಸೀಟಿನಿಂದ ಪಾರಶ್ಕೆವಾ ನಮ್ಮತ್ತ ಕೈಬೀಸಿದರು. “ಬೀಸ್ತಿದಾಳೆ ನೋಡು, ಮಹಾರಾಣಿ,” ಎಂದು ದೆನ್ಕಾ ಮುಖ ತಿರುಗಿಸಿದರು. ಚಾಲಕ ಹರಾಲಂಪಿ ಪೊಲೀಸರಿಗೆ ಕೊಟ್ಟ ಹೇಳಿಕೆಯ ಪ್ರಕಾರ, ಅಷ್ಟರಲ್ಲಿ ಸೀಟುಗಳ ನಡುವೆ ಕೈಕೈ ಹಿಡಿದು ಕುಣಿತ ಶುರುವಾಗಿತ್ತು. “ಕೂತ್ಕೊಳ್ರಮ್ಮಾ ಅಂತ ಹೇಳೋಕೆ ಹಿಂದೆ ತಿರುಗಿದೆ. ಮುಂದೆ ತಿರುಗೋ ಹೊತ್ತಿಗೆ ರಸ್ತೆ ತಿರುಗಿಬಿಟ್ಟಿತ್ತು,” ಎಂದಿದ್ದಾನೆ. ಹನ್ನೊಂದು ನಲವತ್ತಕ್ಕೆ ಬಸ್ಸು ರಸ್ತೆ ಬಿಟ್ಟು, ಎಮ್ಮೆ ಕೆಸರಿನಲ್ಲಿ ಮಲಗುವಷ್ಟೇ ನಿಧಾನವಾಗಿ ಹಳ್ಳದಲ್ಲಿ ಪಕ್ಕಕ್ಕೆ ಮಲಗಿತು. ಹಾಡು ಇನ್ನೂ ಒಂದು ಸಾಲು ಮುಂದುವರಿದು ನಿಂತಿತು.

ನಾನು ತುರ್ತು ಸಂಖ್ಯೆಗೆ ಕರೆ ಮಾಡಿದ್ದು ಹನ್ನೊಂದು ನಲವತ್ತೆರಡಕ್ಕೆ. ಮೊದಲ ಆಂಬ್ಯುಲೆನ್ಸ್ ಬಂದದ್ದು ಹನ್ನೆರಡು ಮೂವತ್ತನಾಲ್ಕಕ್ಕೆ. ನಡುವೆ ಐವತ್ತೆರಡು ನಿಮಿಷ. ಆ ಐವತ್ತೆರಡು ನಿಮಿಷ ಏನು ಮಾಡಬೇಕೆಂದು ನಮಗೆ ಯಾರಾದರೂ ಹೇಳಿಕೊಟ್ಟಿದ್ದರೇ? ಹೇಳಿಕೊಟ್ಟಿದ್ದರು, ಮಾನ್ಯರೇ. ತಾವೇ.

ಕಳೆದ ಅಕ್ಟೋಬರಿನಲ್ಲಿ ತಮ್ಮ ಕಚೇರಿಯಿಂದ ಬಂದ ಭಿತ್ತಿಪತ್ರ ಊರ ಅಂಗಡಿಯ ಗೋಡೆಯ ಮೇಲೆ ಇಂದಿಗೂ ಇದೆ. ‘ಸಹಾಯ ಬರುವವರೆಗೆ ನೀವೇ ಸಹಾಯ’ ಎಂದು ಅದರ ತಲೆಬರಹ. ಗಾಯಾಳುಗಳು ಬಹಳವಿದ್ದರೆ ವಿಂಗಡಿಸಿ. ಜೀವಕ್ಕೆ ಅಪಾಯವಿರುವವರ ಎಡ ಮಣಿಕಟ್ಟಿಗೆ ಕೆಂಪು ಗುರುತು, ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು, ಸತ್ತವರಿಗೆ ಕಪ್ಪು. ಕೆಳಗೆ ತಮ್ಮ ಸಹಿ. ಬ್ರೆಡ್ಡಿನ ವ್ಯಾನು ದಿನವೂ ತಡವಾಗಿ ಬರುವುದರಿಂದ ದೆನ್ಕಾ ಐದು ತಿಂಗಳು ಆ ಭಿತ್ತಿಪತ್ರದ ಕೆಳಗೆ ನಿಂತು ಅದನ್ನು ಬಾಯಿಪಾಠ ಮಾಡಿದ್ದಾರೆ. ಇಡೀ ಜಿಲ್ಲೆಯಲ್ಲಿ ಅದನ್ನು ಕೊನೆಯ ಸಾಲಿನವರೆಗೆ ಓದಿದ ಏಕೈಕ ನಾಗರಿಕರು ಅವರೇ ಇರಬೇಕು. ಅವರನ್ನೇ ಹುಡುಕಿ ನೋಟಿಸ್ ಕೊಟ್ಟಿದ್ದೀರಿ.

ಹಳ್ಳಕ್ಕೆ ಇಳಿದ ದೆನ್ಕಾ ಮೊದಲು ಮಾಡಿದ್ದು ಕೂಗುವುದು. “ನಡೆಯೋಕಾಗೋರೆಲ್ಲ ಆ ಪ್ಲಮ್ ಮರದ ಹತ್ರ ಹೋಗಿ! ಕೈಚೀಲ ಆಮೇಲೆ ಹುಡುಕೋಣ!” ಇಪ್ಪತ್ತೆರಡು ಮಂದಿ ಕಿಟಕಿಯಿಂದ, ಹಿಂಬಾಗಿಲಿನಿಂದ ಹೊರಬಂದು ನಡೆದು ಹೋದರು, ಅರ್ಧದಷ್ಟು ಮಂದಿ ಕೈಚೀಲ ಹುಡುಕಿಕೊಂಡೇ ಹೋದರು. ಉಳಿದವರನ್ನು ನಾನೂ ಚಾಲಕನೂ ಎಳೆದೆವು. ಹರಾಲಂಪಿಯ ಹಣೆಯಿಂದ ರಕ್ತ ಹರಿಯುತ್ತಿತ್ತು, ದೆನ್ಕಾ ತಮ್ಮ ತಲೆವಸ್ತ್ರ ಬಿಚ್ಚಿ ಒತ್ತಿ ಕಟ್ಟಿ ಅವನನ್ನೂ ಕೂರಿಸಿದರು. ಆಮೇಲೆ ಒಬ್ಬೊಬ್ಬರ ಬಳಿಗೂ ಹೋಗಿ ಉಸಿರು ನೋಡಿದರು, ಮಾತನಾಡಿಸಿದರು, ಬೆರಳು ಅಲ್ಲಾಡಿಸಲು ಹೇಳಿದರು. ಹಳದಿ ಪಟ್ಟಿ ಎಲ್ಲಿಂದ ತರುವುದು? ಮುಖಂಡರು ಕೊಟ್ಟ ಹೂವುಗಳಿದ್ದವು. ಮೂಳೆ ಮುರಿದವರ ಕಿವಿಯ ಹಿಂದೆ ಹಳದಿ ಹೂ. ನಡೆಯಬಲ್ಲವರಿಗೆ ಅದೇ ಗೊಂಚಲಿನ ಹಸಿರೆಲೆ. ದೂರದಿಂದ ನೋಡಿದವರಿಗೆ ಮದುವೆ ದಿಬ್ಬಣ ಊಟಕ್ಕೆ ಕೂತಂತೆ ಕಾಣಬೇಕು.

ಪಾರಶ್ಕೆವಾಗೆ ಎಲೆ ಬಂತು. ಅವರ ಪಾದ ಉಳುಕಿತ್ತು, ದನಿ ಉಳುಕಿರಲಿಲ್ಲ.

“ಎಲೆಯಾ? ನನಗೆ ಎಲೆಯಾ? ನಾನು ಸಾಯ್ತಿದೀನಿ ದೆನ್ಕಾ! ನೀನು ದ್ವೇಷ ಸಾಧಿಸ್ತಿದೀಯ!”

“ಇಷ್ಟು ಜೋರಾಗಿ ಯಾರೂ ಸತ್ತಿಲ್ಲ ಕಣೇ. ಕಿರುಚೋಕೆ ಉಸಿರು ಇದೆ ಅಂದ್ರೆ ನಿಂಗೇನೂ ಆಗಿಲ್ಲ. ಸುಮ್ನೆ ಕೂತ್ಕೋ.”

ಮಾನ್ಯರೇ, ಇದು ದ್ವೇಷವಲ್ಲ. ಕಿರುಚುತ್ತಿರುವವರನ್ನು ಬಿಟ್ಟು ಸುಮ್ಮನಿರುವವರ ಕಡೆ ಮೊದಲು ಹೋಗಿ ಎಂದು ತಮ್ಮ ಭಿತ್ತಿಪತ್ರದ ಆರನೆಯ ಸಾಲಿನಲ್ಲಿದೆ. ತಾವು ಓದಿಲ್ಲದಿದ್ದರೆ ದೆನ್ಕಾ ಬಾಯಿಪಾಠ ಒಪ್ಪಿಸುತ್ತಾರೆ.

ಸುಮ್ಮನಿದ್ದವರು ಝಿವ್ಕಾ. ಶಾಲೆಯ ಅಡುಗೆಮನೆಯಲ್ಲಿದ್ದು ನಿವೃತ್ತರಾದವರು, ಇಡೀ ಸಂಘದಲ್ಲಿ ಕಡಿಮೆ ಮಾತಿನವರು. ಎಲ್ಲೂ ರಕ್ತವಿರಲಿಲ್ಲ. ಕೋಟಿನ ಗುಂಡಿ ಕೂಡ ಕಿತ್ತಿರಲಿಲ್ಲ. ಜೋಳದ ಕಡ್ಡಿಗಳ ಮೇಲೆ ಮಲಗಿ, “ನಂಗೇನಿಲ್ಲ, ಬೇರೆಯವರನ್ನ ನೋಡು, ಸ್ವಲ್ಪ ಚಳಿ ಅಷ್ಟೇ,” ಎಂದರು. ದೆನ್ಕಾ ಅವರ ಕೈ ಹಿಡಿದುಕೊಂಡು ಒಂದು ಕ್ಷಣ ಕೂತರು. ಎದ್ದವರೇ ನನ್ನ ಕಿವಿಯಲ್ಲಿ ಹೇಳಿದರು: “ಸ್ಪಾಸ್, ಇವಳ ಮುಖ ಹಿಟ್ಟಿನ ಬಣ್ಣಕ್ಕೆ ಬಂದಿದೆ. ಬೆವರು ತಣ್ಣಗಿದೆ. ಮೊದಲು ಹೋಗ್ಬೇಕಾದವಳು ಇವಳು.” ಚೀಲದಿಂದ ಕೆಂಪು ಉಣ್ಣೆ ತೆಗೆದು ಝಿವ್ಕಾರ ಎಡ ಮಣಿಕಟ್ಟಿಗೆ ಕಟ್ಟಿದರು. ಭಿತ್ತಿಪತ್ರದಲ್ಲಿ ಹೇಳಿದಂತೆಯೇ, ಗಂಟು ಹೊರಗೆ ಕಾಣುವಂತೆ.

ಇಲ್ಲಿ ನನ್ನ ತಪ್ಪನ್ನೂ ದಾಖಲಿಸಬೇಕು. ಮೂವತ್ತೆಂಟು ವರ್ಷ ತಪ್ಪು ಹುಡುಕಿದ ನನ್ನ ಕಣ್ಣಿಗೆ ಅದು ಆಗ ಕಾಣಲಿಲ್ಲ. ದೆನ್ಕಾಗೂ ಕಾಣಲಿಲ್ಲ. ಮಾರ್ಚ್ ತಿಂಗಳಲ್ಲಿ, ಈ ದೇಶದಲ್ಲಿ, ಎಡ ಮಣಿಕಟ್ಟಿನಲ್ಲಿ ಕೆಂಪು ದಾರ ಇಲ್ಲದವರು ಯಾರಿದ್ದಾರೆ?

ಆಂಬ್ಯುಲೆನ್ಸ್ ಎರಡು, ಸಿಬ್ಬಂದಿ ಮೂವರು. ಅವರನ್ನು ನಾನು ದೂರುವುದಿಲ್ಲ. ಗಾಯಾಳುಗಳು ಮೂವತ್ತೆರಡು, ಅವರು ಮೂವರು, ಮತ್ತು ಅವರ ಕೈಯಲ್ಲಿ ಕೆಂಪು ಗುರುತಿನವರು ಮೊದಲು ಎನ್ನುವ ತಮ್ಮ ಸುತ್ತೋಲೆ. ತಂಡದ ಹಿರಿಯ ಓಗ್ನಿಯಾನ್ ಎಂಬವರು ಇಳಿದ ತಕ್ಷಣ “ಮೊದಲು ಕೆಂಪು! ಕೆಂಪು ಎಲ್ಲಿ?” ಎಂದು ಕೂಗಿದರು. ಪ್ಲಮ್ ಮರದ ಕೆಳಗಿನಿಂದ ಇಪ್ಪತ್ತೆರಡು ಎಡಗೈಗಳು ಮೇಲೆದ್ದವು.

ಪಾಪ, ಅವರು ಕೈಗಳನ್ನು ಒಂದೊಂದಾಗಿ ನೋಡಿದರು. ಅನಂತರ ಬುದ್ಧಿವಂತಿಕೆ ಓಡಿಸಿದರು, ಅನಾಹುತ ಅಲ್ಲೇ ಆಯಿತು. ದಾರ ಹೆಚ್ಚಿದ್ದಷ್ಟೂ ಗಾಯ ಹೆಚ್ಚಿರಬೇಕೆಂದು ಅವರಿಗೆ ತೋಚಿತು. ಅಧ್ಯಕ್ಷೆಯ ಕೈಯಲ್ಲಿ ಮೊಣಕೈವರೆಗೆ ಹನ್ನೊಂದು ದಾರಗಳಿದ್ದವು: ಮೊಮ್ಮಕ್ಕಳದು ಐದು, ಸೊಸೆಯಂದಿರದು ಎರಡು, ಉಳಿದವು ಪದವಿಯ ಗೌರವಕ್ಕೆ ಬಂದವು.

“ಹನ್ನೊಂದು ಕೆಂಪು! ಸ್ಟ್ರೆಚರ್ ತನ್ನಿ! ಅಮ್ಮಾ, ಅಲ್ಲಾಡಬೇಡಿ!”

“ಅಲ್ಲಾಡಲ್ಲ ಕಣಪ್ಪ,” ಎಂದು ಪಾರಶ್ಕೆವಾ ಕಣ್ಣುಮುಚ್ಚಿ ಒರಗಿದರು. “ತಲೆ ಕಡೆ ಮೆಲ್ಲಗೆ ಹಿಡೀರಿ, ಬೆಳಿಗ್ಗೆ ತಾನೇ ಕೂದಲು ಮಾಡಿಸ್ಕೊಂಡು ಬಂದಿದೀನಿ.”

ಅತ್ತ ಎರಡನೆಯ ಸಿಬ್ಬಂದಿ, ಕೋಟಿನ ಎದೆಗೆ ಕಪ್ಪು ಪಟ್ಟಿ ಚುಚ್ಚಿಕೊಂಡು ಮರಕ್ಕೆ ಒರಗಿದ್ದ ಸ್ಟಾಮೆನಾರನ್ನು ಕಂಡು, ಟೋಪಿ ತೆಗೆದು, ಅವರ ಮುಖದ ಮೇಲೆ ಬಿಳಿ ಬಟ್ಟೆ ಎಳೆದರು. ಬಟ್ಟೆ ಎದ್ದು ಕೂತಿತು.

“ಏನೋ ಇದು! ನಾನು ಸತ್ತಿಲ್ಲ ಕಣೋ ಮಗಾ, ಸತ್ತಿದ್ದು ನನ್ನ ಗಂಡ! ಅದೂ ಜನವರೀಲಿ!”

“ಕ್ಷಮಿಸಿ ಅಜ್ಜಿ, ಕಪ್ಪು ಇತ್ತಲ್ಲ…”

“ದುಃಖಕ್ಕೆ ಹಾಕ್ಕೊಂಡಿದೀನಿ! ಕನ್ನಡಕ ಕೊಡು ಇಲ್ಲಿ!”

ಈ ಹೊತ್ತಿಗೆ ಝಿವ್ಕಾ ಚಳಿ ಎನ್ನುವುದನ್ನೂ ನಿಲ್ಲಿಸಿದ್ದರು. ದೆನ್ಕಾ ಓಗ್ನಿಯಾನ್ ಅವರ ತೋಳು ಹಿಡಿದು ಎಳೆದರು. “ಅವಳನ್ನ ಬಿಡಿ, ಈಕಡೆ ಬನ್ನಿ! ಜೋಳದ ಕಡ್ಡಿ ಮೇಲೆ ಮಲಗಿದಾಳಲ್ಲ, ಅವಳು ಮೊದಲು!”

“ಚಿಕ್ಕಮ್ಮ, ದಯವಿಟ್ಟು ದೂರ ನಿಲ್ಲಿ. ನಮಗೊಂದು ನಿಯಮ ಇದೆ. ಅವರ ಕೈಲಿ ಎರಡೇ ದಾರ ಇದೆ.”

“ಅಯ್ಯೋ ನಿನ್ನ ನಿಯಮಕ್ಕಿಷ್ಟು! ಇವರೆಲ್ಲರ ಕೈಲಿರೋದು ಮಾರ್ತೆನಿತ್ಸ!”

“ನೀವು ಡಾಕ್ಟರಾ?”

“ಅಲ್ಲ.”

“ಹಾಗಾದ್ರೆ ದೂರ ನಿಲ್ಲಿ.”

ದೆನ್ಕಾ ಪ್ಲಮ್ ಮರದತ್ತ ತಿರುಗಿದರು. “ಎಲ್ಲರೂ ದಾರ ಬಿಚ್ಚಿ! ಈಗಲೇ! ಬಿಚ್ಚದಿದ್ರೆ ನಾನೇ ಕತ್ತರಿಸ್ತೀನಿ!” ನನ್ನ ಬಳ್ಳಿ ಸವರುವ ಕತ್ತರಿಯನ್ನು ಕಿತ್ತುಕೊಂಡೂ ಬಿಟ್ಟರು. ಮರದ ಕೆಳಗಿನ ಎಡಗೈಗಳೆಲ್ಲ ಬೆನ್ನ ಹಿಂದೆ ಮಾಯವಾದವು. ಮೂಳೆ ಮುರಿದವರು ಕೂಡ ಮುರಿಯದ ಕೈಯಿಂದ ದಾರ ಮುಚ್ಚಿಕೊಂಡರು.

“ಕೊಕ್ಕರೆ ಕಾಣೋಕೆ ಮುಂಚೆ ಬಿಚ್ಚೋದಾ? ಈ ವಯಸ್ಸಿನಲ್ಲಿ?” ಎಂದರು ಸ್ಟಾಮೆನಾ.

“ಕೇಳಬೇಡಿ ಅವಳ ಮಾತು!” ಸ್ಟ್ರೆಚರ್ ಮೇಲಿನಿಂದ ಪಾರಶ್ಕೆವಾ ತಲೆಯೆತ್ತಿದರು. “ಅಂಗಡಿ ದಾರ ಅಂತ ಹೊಟ್ಟೆಕಿಚ್ಚು ಅವಳಿಗೆ! ಬಿಚ್ಚಿದ್ರೆ ವರ್ಷವಿಡೀ ಕಾಯಿಲೆ ಬೀಳ್ತೀರ!”

ಬಸ್ಸು ಸಮೇತ ಹಳ್ಳಕ್ಕೆ ಬಿದ್ದ ಹೆಂಗಸರು ಕಾಯಿಲೆಗೆ ಹೆದರಿ ಕೂತಿದ್ದರು. ತರ್ಕ ನಡೆಯುವ ಹೊತ್ತಲ್ಲ ಅದು. ದೆನ್ಕಾ ಒಮ್ಮೆ ಝಿವ್ಕಾರನ್ನು ನೋಡಿದರು, ಒಮ್ಮೆ ಅಧ್ಯಕ್ಷೆಯನ್ನು ಏರಿಸಿಕೊಳ್ಳಲು ಬಾಗಿಲು ತೆರೆದು ನಿಂತ ಆಂಬ್ಯುಲೆನ್ಸನ್ನು ನೋಡಿದರು. ಆಮೇಲೆ ಕತ್ತರಿಯನ್ನು ಆಕಾಶದತ್ತ ಎತ್ತಿ ಹಳ್ಳ ಕಂಪಿಸುವಂತೆ ಕೂಗಿದರು:

“ಕೊಕ್ಕರೆ! ಅಲ್ಲಿ ನೋಡ್ರೇ, ಕೊಕ್ಕರೆ!”

ಮಾನ್ಯರೇ, ಇದೇ ತಮ್ಮ ಮೂರನೆಯ ಆರೋಪ. ಇದರ ಪರಿಣಾಮವನ್ನು ತಾವು ನೋಟಿಸಿನಲ್ಲಿ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಎಲ್ಲರ ಮುಖವೂ ಮೇಲಕ್ಕೆ ಹೋಯಿತು. “ಎಲ್ಲಿ? ಎಲ್ಲಿ?” “ಅಗೋ ಅಲ್ಲಿ, ಗುಡ್ಡದ ಕಡೆ!” “ಹೌದು ಕಣೇ, ನೋಡ್ದೆ!” “ಒಂಟಿಯಾಗಿದೆ, ಪಾಪ!” ನೋಡಿದ ಮೇಲೆ ದಾರವನ್ನು ಒಂದು ಗಳಿಗೆಯೂ ಇಟ್ಟುಕೊಳ್ಳುವ ಹಾಗಿಲ್ಲವಲ್ಲ. ಹಲ್ಲಿನಿಂದ ಗಂಟು ಬಿಚ್ಚಿದವರು ಕೆಲವರು, ಒಬ್ಬರಿಗೊಬ್ಬರು ಬಿಚ್ಚಿಕೊಟ್ಟವರು ಕೆಲವರು. ಭುಜ ಮುರಿದವರು “ನಂದೂ ಕಟ್ಟಿಬಿಡೇ” ಎಂದು ದಾರ ಕೊಟ್ಟು ಕಳಿಸಿದರು. ಪಾರಶ್ಕೆವಾ ಸ್ಟ್ರೆಚರಿನಿಂದ ತಾವಾಗಿ ಇಳಿದು, ಒಂದೇ ಕಾಲಲ್ಲಿ ಕುಪ್ಪಳಿಸಿಕೊಂಡು ಮರದ ತನಕ ಹೋಗಿ, ಹನ್ನೊಂದೂ ದಾರಗಳನ್ನು ಎತ್ತರದ ಕೊಂಬೆಗೆ ಕಟ್ಟಿದರು. ಹೂಬಿಟ್ಟ ಪ್ಲಮ್ ಮರ ಎರಡು ನಿಮಿಷದಲ್ಲಿ ಕೆಂಪುಬಿಳಿಯಾಯಿತು.

ತಲೆಯೆತ್ತದೆ ಉಳಿದವರು ಒಬ್ಬರೇ. ಇಡೀ ಹಳ್ಳದಲ್ಲಿ ಒಂದೇ ಒಂದು ಎಡ ಮಣಿಕಟ್ಟಿನಲ್ಲಿ ಕೆಂಪು ಉಳಿದಿತ್ತು.

ಓಗ್ನಿಯಾನ್ ಅದನ್ನು ನೋಡಿದರು. ಬುದ್ಧಿವಂತರು, ಮತ್ತೆ ಸುತ್ತೋಲೆ ತೆರೆಯಲಿಲ್ಲ. ಓಡಿ ಹೋಗಿ ಝಿವ್ಕಾರ ನಾಡಿ ಹಿಡಿದರು, ಹೊಟ್ಟೆ ಮುಟ್ಟಿದರು, ಸ್ಟ್ರೆಚರ್ ಇತ್ತ ತರಲು ಕೂಗಿದರು. ಹನ್ನೆರಡು ಐವತ್ತೊಂದಕ್ಕೆ ಆಂಬ್ಯುಲೆನ್ಸ್ ಹೊರಟಿತು. ಝಿವ್ಕಾರ ಗುಲ್ಮ ಒಡೆದು ರಕ್ತ ಹೊಟ್ಟೆಯೊಳಗೇ ಸೋರುತ್ತಿತ್ತು, ಇನ್ನರ್ಧ ಗಂಟೆ ತಡವಾಗಿದ್ದರೆ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ ಎಂದು ಶಸ್ತ್ರಚಿಕಿತ್ಸಕರು ಬರೆದಿದ್ದಾರೆ. ಪತ್ರದ ಪ್ರತಿ ಲಗತ್ತಿಸಿದ್ದೇನೆ. ಝಿವ್ಕಾ ಈಗ ಎದ್ದು ಕೂತು ಆಸ್ಪತ್ರೆಯ ಮೊಸರಿನ ಬಗ್ಗೆ ದೂರುತ್ತಿದ್ದಾರೆ. ಅವರು ಜೀವನದಲ್ಲಿ ಮಾಡಿದ ಮೊದಲ ದೂರು ಅದೇ ಇರಬೇಕು.

ಇಷ್ಟೆಲ್ಲ ನಗೆಯ ವಿಷಯವಾಗಿಯೇ ಮುಗಿಯಬಹುದಿತ್ತು. ಆದರೆ ನೋಟಿಸ್ ಬಂದ ದಿನದಿಂದ ದೆನ್ಕಾ ಮನೆಯಿಂದ ಹೊರಗೆ ಬಂದಿಲ್ಲ. ನಿನ್ನೆ ಹೋಗಿದ್ದೆ. ಮೇಜಿನ ಮೇಲೆ ನೋಟಿಸು, ಪಕ್ಕದಲ್ಲಿ ತಣ್ಣಗಾದ ಚಹಾ.

“ಸ್ಪಾಸ್, ಜೈಲಿಗೆ ಹಾಕ್ತಾರಾ?”

“ಕೊಕ್ಕರೆಗೆಲ್ಲ ಜೈಲಿಲ್ಲ ದೆನ್ಕಾ.”

“ತಮಾಷೆ ಬೇಡ. ನಾನು ಒಂದು ಮಾತು ಹೇಳ್ತೀನಿ ಕೇಳು. ಇನ್ನೊಂದ್ಸಲ ಆ ತಿರುವಲ್ಲಿ ಸದ್ದಾದ್ರೆ ನಾನು ಕಿಟಕಿ ಪರದೆ ಎಳ್ಕೊತೀನಿ. ಅರ್ಹತೆ ಇದ್ದೋರು ಬರ್ಲಿ.”

ಅರ್ಹತೆ ಇರುವವರು ಐವತ್ತೆರಡು ನಿಮಿಷ ದೂರದಲ್ಲಿದ್ದಾರೆ, ಮಾನ್ಯರೇ. ಅದೇ ತಿರುವಿನಲ್ಲಿ ಬಸ್ಸು ದಿನಕ್ಕೆ ಎರಡು ಬಾರಿ ಹೋಗುತ್ತದೆ. ದೆನ್ಕಾ ಪರದೆ ಎಳೆದರೆ ಊರೆಲ್ಲ ಎಳೆಯುತ್ತದೆ. ಆಗ ತಮ್ಮ ಭಿತ್ತಿಪತ್ರವನ್ನು ಓದುವವರು ಯಾರು, ಬ್ರೆಡ್ಡಿನ ವ್ಯಾನೇ?

ಆದ್ದರಿಂದ ಕೇಳುತ್ತಿದ್ದೇನೆ, ಕೇಳುವುದಲ್ಲ, ಒತ್ತಾಯಿಸುತ್ತಿದ್ದೇನೆ. ಮಂಗಳವಾರಕ್ಕೆ ಮುಂಚೆ ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಒಂದು ಶನಿವಾರ ಯಾರನ್ನಾದರೂ ಊರಿಗೆ ಕಳಿಸಿ, ರಕ್ತ ಹೇಗೆ ನಿಲ್ಲಿಸುವುದು, ಸುಮ್ಮನಿರುವವರನ್ನು ಹೇಗೆ ಗುರುತಿಸುವುದು ಎಂದು ನಮಗೆಲ್ಲ ಹೇಳಿಕೊಡಲಿ. ಊಟ ನಾವು ಹಾಕುತ್ತೇವೆ, ಭಾಷಣ ಮಾತ್ರ ಬೇಡ. ಮತ್ತು ಆ ಗುರುತನ್ನು ದಯವಿಟ್ಟು ಮಣಿಕಟ್ಟಿನಿಂದ ತೆಗೆದು ಬೇರೆಲ್ಲಾದರೂ ಹಾಕಿಸಿ. ಪ್ರತಿಯೊಬ್ಬ ನಾಗರಿಕನ ಎಡಗೈಯಲ್ಲೂ ಕೆಂಪು ದಾರವಿರುವ ದೇಶಕ್ಕೆ ಎಡಗೈಗೆ ಕೆಂಪು ಗುರುತು ಎಂದು ಬರೆದವರು ಮಾರ್ಚ್ ತಿಂಗಳನ್ನು ಯಾವ ದೇಶದಲ್ಲಿ ಕಳೆಯುತ್ತಾರೋ ನಾನರಿಯೆ.

ಕೊನೆಗೆ, ಸಾಕ್ಷಿಯಾದ ನನಗೂ ತಾವೊಂದು ನಮೂನೆ ಕಳಿಸಿದ್ದೀರಿ. ‘ಘಟನೆಯ ಸಮಯದಲ್ಲಿ ಕೊಕ್ಕರೆಯನ್ನು ತಾವು ಸ್ವತಃ ಕಂಡಿರಾ? ಹೌದು / ಇಲ್ಲ.’ ಇದೇ ನಮೂನೆ ಬಸ್ಸಿನಲ್ಲಿದ್ದ ಎಲ್ಲರಿಗೂ ಬಂದಿದೆ. ಆಸ್ಪತ್ರೆಯಲ್ಲಿರುವ ಝಿವ್ಕಾ ಬಿಟ್ಟು ಮೂವತ್ತು ಹೆಂಗಸರೂ ‘ಹೌದು’ ಎಂದು ತುಂಬಿದ್ದಾರೆ. ಕಾಲಿನ ಬಣ್ಣ, ಹಾರಿದ ದಿಕ್ಕು ಎಲ್ಲ ಬರೆದಿದ್ದಾರೆ. ಹಣೆಗೆ ಕಟ್ಟಿದ ಬಟ್ಟೆ ಆಗ ಹರಾಲಂಪಿಯ ಕಣ್ಣಿನ ಮೇಲೆ ಇಳಿದಿತ್ತು, ಅವನೂ ಕಂಡಿದ್ದಾನೆ. ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಪಾರಶ್ಕೆವಾ. “ಕೊಕ್ಕರೆ ಇರ್ಲಿಲ್ಲ ಅಂದ್ರೆ ನಾನು ಹನ್ನೊಂದು ದಾರ ಸುಮ್ನೆ ಬಿಚ್ಚಿದೆ ಅಂತಾಗುತ್ತೆ. ಅವಳ ಮೇಲಿನ ಪ್ರೀತಿಗಲ್ಲ, ತಿಳ್ಕೊಳ್ಳಿ,” ಎಂದರು. ಮುಂದಿನ ವರ್ಷಕ್ಕೆ ದೆನ್ಕಾ ಕೈಯ ಅರವತ್ತು ದಾರ ಬೇಕೆಂದು ಈಗಲೇ ಹೇಳಿಕಳಿಸಿದ್ದಾರೆ.

ಇನ್ನು ನಾನು. ಆ ಹೊತ್ತು ನಾನೂ ತಲೆಯೆತ್ತಿ ನೋಡಿದೆ, ಬಹಳ ಹೊತ್ತು ನೋಡಿದೆ. ಗುಡ್ಡದ ಮೇಲೆ ಮೋಡವಿತ್ತು, ವಿದ್ಯುತ್ ಕಂಬದ ಮೇಲೆ ಹೋದ ವರ್ಷದ ಖಾಲಿ ಗೂಡಿತ್ತು. ಈ ಪತ್ರ ಬರೆಯುತ್ತಿರುವ ಇಂದಿಗೂ ಆ ಗೂಡು ಖಾಲಿಯೇ ಇದೆ. ಝಿವ್ಕಾ ತಮ್ಮ ಮಣಿಕಟ್ಟಿನ ದಾರ ಬಿಚ್ಚಲು ನರ್ಸಿಗೆ ಬಿಟ್ಟಿಲ್ಲವಂತೆ, “ಎಲ್ಲರೂ ನೋಡಿದ್ರಂತೆ, ನಾನೊಬ್ಬಳೇ ನೋಡ್ಲಿಲ್ಲ” ಎಂದು ಕಿಟಕಿಯ ಪಕ್ಕದ ಮಂಚ ಕೇಳಿ ಪಡೆದಿದ್ದಾರಂತೆ. ನಮೂನೆಯನ್ನು ತುಂಬಿ ಇದರೊಂದಿಗೆ ಲಗತ್ತಿಸಿದ್ದೇನೆ. ‘ಹೌದು’ ಎಂಬುದಕ್ಕೆ ಗುರುತು ಹಾಕಿದ್ದೇನೆ, ಕೆಂಪು ಶಾಯಿಯಲ್ಲಿ.

ಇಂತಿ,
ಮೂವತ್ತೆಂಟು ವರ್ಷ ಪರರ ತಪ್ಪು ತಿದ್ದಿ, ಈಗ ತನ್ನದೊಂದನ್ನು ತಿಳಿದೂ ತಿಳಿದೂ ತಿದ್ದದೆ ಕಳಿಸುತ್ತಿರುವ
ಸ್ಪಾಸ್ ಗೆರ್ಜಿಕೊವ್
ನಿವೃತ್ತ ಕರಡು ತಿದ್ದುಗಾರ, ಕ್ರುಶಾಕೊವೊ
(ನೋಟಿಸಿನ ಎರಡು ಕಾಗುಣಿತ ತಪ್ಪುಗಳನ್ನು ಮಾತ್ರ ತಿದ್ದಿ ಹಿಂದಿರುಗಿಸಿದ್ದೇನೆ)